ಸಾಲದ ಕರೆ ಬಂದಾಗ

ಮಕ್ಕಳ ವಿದ್ಯಾಭ್ಯಾಸಕ್ಕೋಸ್ಕರ ಬ್ಯಾಂಕಿನಲ್ಲಿ ಸಾಲ ಮಾಡಿದ ಮನೆಗಳಿಗೆ ಅಪರಿಚಿತರಿಂದ ಫೋನು ಬರುವದುಂಟು. "ಈಗಲೇ ಹಣ ಕಟ್ಟದಿದ್ದರೆ ಪೊಲೀಸರು ಬರುವರು" ಎಂಬ ಮಾತಿಗೆ ನಾವು ಹೆದರಬಾರದು. ಸಾಲವು ನಿಜವಾದ ಮಾತ್ರಕ್ಕೆ ಫೋನು ಮಾಡಿದವನು ಬ್ಯಾಂಕಿನವನೆಂದು ನಂಬತಕ್ಕದ್ದಲ್ಲ.

ನಾವು ಮಾಡತಕ್ಕದ್ದೇನಂದರೆ:

1. ಅವನ ಹೆಸರನ್ನು ಬರೆದುಕೊಂಡು ಮಾತು ಮುಗಿಸಬೇಕು.

2. ಒಟಿಪಿಯನ್ನು ಹೇಳಬಾರದು; ಅವನು ತಿಳಿಸಿದ ಖಾತೆಗೆ ಹಣ ಕಳುಹಿಸಲೂ ಬಾರದು.

3. ಪಾಸ್‌ಬುಕ್ಕು ಹಿಡಿದುಕೊಂಡು ನಮ್ಮ ಶಾಖೆಗೆ ಹೋಗಿ ವಿಚಾರಿಸಬೇಕು. ಬಾಕಿ ಇದ್ದರೆ ಅಡಗಿಕೊಳ್ಳದೆ ಗಡುವು ಕೇಳಬೇಕು.

ಬೆಳಿಗ್ಗೆ 8ಕ್ಕೆ ಮುಂಚೆಯೂ ಸಂಜೆ 7ರ ತರುವಾಯವೂ ವಸೂಲಿಗಾಗಿ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಬ್ಯಾಂಕುಗಳಿಗೆ ಅಪ್ಪಣೆಮಾಡಿತು. ಮೋಸಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಲಿ. ಸಾಲ ತೀರಿಸುವದು ನಮ್ಮ ಕರ್ತವ್ಯವೇ. ಆದರೆ ಮೋಸಗಾರನಿಗೆ ಕೊಟ್ಟ ಹಣದಿಂದ ಸಾಲವು ತೀರುವದಿಲ್ಲ.