ಹಾಲು ಹಾಕುವ ಮುಂಚೆ ಒಂದು ಗುಟುಕು

ತಮ್ಮಾ,

ಸಿಂದಗಿ ಬಸ್‌ಸ್ಟ್ಯಾಂಡ್ ಹತ್ತಿರ ಚಾದಂಗಡಿ ಇಡುತ್ತೇನೆ ಅಂತ ನೀನು ಹೇಳಿದಾಗ ನಿಮ್ಮವ್ವ ಜಾಗದ ಬಾಡಿಗೆ ಎಷ್ಟು ಅಂತ ಕೇಳಿದಳು, ನಿಮ್ಮಪ್ಪ ಸಾಲದ ಬಡ್ಡಿ ಕೇಳಿದರು. ನಾನು ಕೇಳಿದ್ದು ಚಾಪುಡಿ ಯಾವುದು ಅಂತ. "ಕಿಲೋ 260ಕ್ಕ ಒಬ್ರು ಕೊಡತಾರ್ರಿ ಮಾಮಾ, ಬಣ್ಣ ಭಾರಿ ಬಿಡತೈತಿ" ಅಂದೆ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಂಡಿ ಊರಿನ ಕಿರಾಣಿ ಅಂಗಡಿಯಲ್ಲಿ ಮೂವತ್ತು ವರ್ಷದ ಮೇಲೆ ಬಿಡಿ ಚಾಪುಡಿ ತೂಗಿ ಮಾರಿದವನು ನಾನು. ಬಣ್ಣದಿಂದ ಒಮ್ಮೆ ಮೋಸ ಹೋಗಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ವರ್ಷ ಹೊಸಬನೊಬ್ಬ ಅಗ್ಗದ ಪುಡಿ ತಂದುಕೊಟ್ಟ. ನೀರಿಗೆ ಬಿದ್ದ ಕೂಡಲೇ ಕೆಂಪು. ಗಿರಾಕಿಗಳು ಖುಷಿಯಾದರು, ನಾನೂ ಖುಷಿಯಾದೆ. ಹದಿನೈದು ದಿನಕ್ಕೆ ಒಬ್ಬ ಮಾಸ್ತರು ಬಂದು ಬಸಿ ತೋರಿಸಿದರು. ಚೆಲ್ಲಿದ ಚಾ ಒಣಗಿ ಕುಂಕುಮದಂಥ ಕಲೆ ಕೂತಿತ್ತು, ತಿಕ್ಕಿದರೂ ಹೋಗಿರಲಿಲ್ಲ. ಅವರೇ ಒಂದು ಒತ್ತುಕಾಗದ ತರಿಸಿ ನೀರಲ್ಲಿ ಒದ್ದೆ ಮಾಡಿ, ಅದರ ಮೇಲೆ ನನ್ನ ಪುಡಿಯನ್ನು ಚಿಟಿಕೆಯಷ್ಟು ಉದುರಿಸಿದರು. ಎರಡು ನಿಮಿಷ ಇಬ್ಬರೂ ಸುಮ್ಮನೆ ಕೂತೆವು. ಒಂದೊಂದು ಕಾಳಿನ ಸುತ್ತ ಕಿತ್ತಳೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಹರಡಿತು. ಪುಡಿ ಝಾಡಿಸಿ, ಕಾಗದವನ್ನು ನೀರಲ್ಲಿ ಅದ್ದಿ ಬೆಳಕಿಗೆ ಹಿಡಿದರೆ ಚುಕ್ಕೆಗಳು ಹಾಗೇ ಇದ್ದವು. ಉಳಿದ ಚೀಲ ತಿಪ್ಪೆಗೆ ಹಾಕಿದೆ. ಹಣ ಹೋಯಿತು ಅನ್ನುವುದಕ್ಕಿಂತ, ಹದಿನೈದು ದಿನ ಊರ ಮಕ್ಕಳಿಗೆ ಅದನ್ನು ಕುಡಿಸಿದೆನಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ 2024ರಲ್ಲಿ ಆದೇಶ ಮಾಡಿದಾಗ ಜನ ಬಣ್ಣದ ಬಗ್ಗೆ ಮಾತಾಡಲು ಶುರು ಮಾಡಿದರು. ಚಾಪುಡಿಯ ಬಣ್ಣದ ಬಗ್ಗೆಯೂ ಅಷ್ಟೇ ಎಚ್ಚರ ಬೇಕು.

ಈ ಪರೀಕ್ಷೆ ನೀನೂ ಮಾಡು. ಶುದ್ಧ ಚಾಪುಡಿ ತಣ್ಣೀರಲ್ಲಿ ನಿಧಾನವಾಗಿ ಬಣ್ಣ ಬಿಡುತ್ತದೆ. ಬಿದ್ದ ಕೂಡಲೇ ಕೆಂಪು ಹರಿದರೆ ಅನುಮಾನಪಡು. ಒಂದು ಅಯಸ್ಕಾಂತವನ್ನೂ ಪುಡಿಯೊಳಗೆ ಆಡಿಸು. ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಜಜ್ಜಿ, ಹರಿದು, ಕಾಳಿನಂತೆ ಸುರುಳಿ ಮಾಡುವ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂತು. ಕಾಳಿನಂಥ ಚಾಪುಡಿಗೆ ಸಿಟಿಸಿ (ಕ್ರಶ್, ಟೇರ್, ಕರ್ಲ್) ಅನ್ನುವುದು ಅದಕ್ಕೇ. ಆ ಉರುಳೆ ಸವೆದು ಕಬ್ಬಿಣದ ಕಣ ಅಲ್ಲೊಂದು ಇಲ್ಲೊಂದು ಇರಬಹುದು. ಅಯಸ್ಕಾಂತಕ್ಕೆ ಮೀಸೆ ಬಂದಂತೆ ಅಂಟಿದರೆ ಆ ಪುಡಿ ಬೇಡವೇ ಬೇಡ.

ಈಗ ರುಚಿಯ ಮಾತು. ನೀನು ಮೂರು ಕಡೆಯಿಂದ ಕಾಲು ಕಾಲು ಕಿಲೋ ತಾ. ನಿಮ್ಮ ಓಣಿಯ ಪತ್ತಾರರ ತಕ್ಕಡಿಯಲ್ಲಿ ಒಂದೊಂದನ್ನೂ 2 ಗ್ರಾಂ ತೂಗಿಸು. 100 ಮಿ.ಲೀ. ಕುದಿಯುವ ನೀರು ಹಾಕಿ, ಮುಚ್ಚಿ, ಆರು ನಿಮಿಷ ಬಿಟ್ಟು ಸೋಸು. ಜಗತ್ತಿನಲ್ಲೆಲ್ಲ ಚಹಾ ಹೋಲಿಸಿ ನೋಡಲು ಗೊತ್ತುಮಾಡಿದ ಅಳತೆ ಇದೇ. ಹಾಲಿಲ್ಲ, ಸಕ್ಕರೆ ಇಲ್ಲ, ಯಾಲಕ್ಕಿ-ಶುಂಠಿ ಇಲ್ಲ. ಒಂದು ಗುಟುಕನ್ನು ಸೊರ್ ಅಂತ ಎಳೆದು ನಾಲಿಗೆ ತುಂಬ ಆಡಿಸು. ಹಾಲು ಸಕ್ಕರೆ ಬಿದ್ದ ಮೇಲೆ ಎಂಥ ಪುಡಿಯೂ ಚಂದ ಕಾಣುತ್ತದೆ. ಹಳೇ ಪುಡಿಯಾದರೆ ಒಣಹುಲ್ಲಿನ ವಾಸನೆ. ಸುಟ್ಟ ಪುಡಿಯಾದರೆ ಹಂಚಿನ ಮೇಲೆ ಕರಕಾದ ರೊಟ್ಟಿಯ ವಾಸನೆ. ಒಳ್ಳೆಯದಾದರೆ ಬಾಯಿ ಒಗರಾಗಿ, ಆಮೇಲೆ ಚೊಕ್ಕಟವಾಗುತ್ತದೆ.

ಈ ಒಗರು-ಕಹಿ ಅಂದರೇನು ಅಂತ ನನಗೆ ಸರಿಯಾಗಿ ತಿಳಿದದ್ದು ಈ ವಯಸ್ಸಿನಲ್ಲಿ. ಬೆಂಗಳೂರಿನಲ್ಲಿರುವ ಮೊಮ್ಮಗ ದೀಪಾವಳಿಗೆ ಚೀನಾದ ಚಹಾ ತಂದಿದ್ದ. ಯುನ್ನಾನ್ ಪ್ರಾಂತ್ಯದ ಪು-ಅರ್. ಸಣ್ಣ ರೊಟ್ಟಿಯಷ್ಟಗಲದ ಬಿಲ್ಲೆ, ಕಾಗದದಲ್ಲಿ ಸುತ್ತಿದ್ದು, ತೂಕ 357 ಗ್ರಾಂ. ಅಂಥ ಏಳು ಬಿಲ್ಲೆ ಸೇರಿಸಿ ಒಂದು ಕಟ್ಟು ಮಾಡುವುದು ಅಲ್ಲಿಯ ರೂಢಿಯಂತೆ. ಗಿಡ ನಮ್ಮ ಅಸ್ಸಾಮಿನ ದೊಡ್ಡೆಲೆಯ ಜಾತಿಯದ್ದೇ. ಮಾಡುವ ರೀತಿ ಬೇರೆ: ಹಸಿ ಪು-ಅರ್ ಎಲೆಯನ್ನು ಹುರಿದು, ಬಿಸಿಲಿಗೆ ಒಣಗಿಸಿ, ಒತ್ತಿ ಇಡುತ್ತಾರೆ. ವರ್ಷಗಟ್ಟಲೆ ಇಟ್ಟಷ್ಟೂ ಅದು ಮೆದುವಾಗುತ್ತದೆ. ಮೊಮ್ಮಗ ತಂದದ್ದು ಎಳೆಯದು. ಮೊದಲ ಗುಟುಕಿಗೆ ಮುಖ ಕಿವುಚಿದೆ, ಅಷ್ಟು ಕಹಿ. ಆಮೇಲೆ ನೋಡು, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ ಗಂಟಲಲ್ಲಿ ಸಿಹಿ ಎದ್ದಿತು, ಬಹಳ ಹೊತ್ತು ನಿಂತಿತು. ಎಳೆ ಪು-ಅರ್ ಆರಿಸುವವರು ಇದನ್ನೇ ನೋಡುತ್ತಾರೆ: ಕಹಿ ಕರಗಿ ಸಿಹಿಗೆ ತಿರುಗುತ್ತದೋ, ನಾಲಿಗೆ ಹಿಡಿದು ಕೂಡುತ್ತದೋ. ನಮ್ಮ ಪುಡಿ ಅಷ್ಟು ಸೊಗಸು ತೋರಿಸಲಿಕ್ಕಿಲ್ಲ. ಆದರೂ ಬಂದು ಹೋಗುವ ಕಹಿ ಇರುವುದನ್ನು ಕೊಳ್ಳು, ಕೂತು ಬಿಡುವ ಕಹಿ ಇರುವುದನ್ನು ಬಿಡು.

ಆ ಬಿಲ್ಲೆ ಇಟ್ಟಂತೆ ನಮ್ಮ ಪುಡಿ ಇಡಬೇಡ, ಅದು ಇಟ್ಟಷ್ಟೂ ಸಾಯುತ್ತದೆ. ನಮ್ಮ ಕಡೆ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಊದುಬತ್ತಿ, ಇಂಗು, ಖಾರಪುಡಿ ಪಕ್ಕದಲ್ಲಿಟ್ಟರೆ ಚಾಪುಡಿ ಅವೆಲ್ಲದರ ವಾಸನೆ ಕುಡಿಯುತ್ತದೆ. ತಿಂಗಳಿಗೆ ಸಾಕಾಗುವಷ್ಟೇ ತಾ, ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡು. ಪ್ಯಾಕೆಟ್ ಆದರೆ ಪ್ಯಾಕ್ ಮಾಡಿದ ದಿನಾಂಕ ಮತ್ತು ಆಹಾರ ಸುರಕ್ಷತೆಯ 14 ಅಂಕಿಯ ಲೈಸೆನ್ಸ್ ನಂಬರು ನೋಡು. ಯಾವ ಕಾಲದ ಎಲೆ ಅಂತಲೂ ಕೇಳು: ಅಸ್ಸಾಮಿನಲ್ಲಿ ಮೇ-ಜೂನ್ ಹೊತ್ತಿಗೆ ಚಿವುಟಿದ ಎರಡನೇ ಚಿಗುರಿಗೆ ಗಟ್ಟಿ ರುಚಿ. ಮಳೆಗಾಲದ ಎಲೆ ಅದರ ಮುಂದೆ ಸಪ್ಪೆ.

ಇನ್ನು ನೀರು. ಪುಡಿ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ನಮ್ಮವರು ಹೇಳುತ್ತಾರೆ, ಆದರೆ ಡೋಣಿ ಹೊಳೆಯ ನೀರು ಉಪ್ಪು. ಆ ಸೀಮೆಯ ಎಷ್ಟೋ ಬೋರಿನ ನೀರು ಗಡಸು. ಗಡಸು ನೀರಲ್ಲಿ ಚಾ ಕಾಸಿದರೆ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಸೂಕ್ಷ್ಮ ರುಚಿಯೆಲ್ಲ ಸತ್ತುಹೋಗುತ್ತದೆ. ಅದೇ ಪುಡಿಯನ್ನು ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿ ಕಡೆಯ ಆಲಮಟ್ಟಿಯಲ್ಲೋ ಕೃಷ್ಣೆಯ ನೀರಿಗೆ ಹಾಕು, ಬೇರೆಯೇ ಚಾ ಆಗುತ್ತದೆ. ಮುದ್ದೇಬಿಹಾಳದ ಅಂಗಡಿಯಲ್ಲಿ ಕುಡಿದು ಭೇಷ್ ಅನ್ನಿಸಿದ ಪುಡಿಯನ್ನು ಸಿಂದಗಿಗೆ ತಂದು ತಲೆ ಮೇಲೆ ಕೈ ಹೊತ್ತವರನ್ನು ಕಂಡಿದ್ದೇನೆ. ನೀನು ಅಂಗಡಿಯಲ್ಲಿ ದಿನಾ ಬಳಸುವ ನೀರಲ್ಲೇ ಪರೀಕ್ಷೆ ಮಾಡು.

ಹಾಲೂ ಹಾಗೆಯೇ. ನಮ್ಮ ಕಡೆ ಎಮ್ಮೆ ಹಾಲು ಜಾಸ್ತಿ, ಕೆನೆ ದಪ್ಪ. ನೀಲಗಿರಿಯ ಚಹಾಕ್ಕೆ ಒಳ್ಳೆ ಪರಿಮಳ, ತೆಳು ಮೈ. ಎಮ್ಮೆ ಹಾಲಲ್ಲಿ ಅದು ಮುಳುಗಿಹೋಗುತ್ತದೆ. ಅಂಥ ಹಾಲಿಗೆ ಅಸ್ಸಾಮಿನ ಕಾಳುಪುಡಿ ಬೇಕು. ಡಸ್ಟ್ ಅನ್ನುವ ನುಣ್ಣನೆ ಪುಡಿ ಬೇಗ ಬಣ್ಣ ಬಿಡುತ್ತದೆ, ಕಾಳು ನಿಧಾನವಾಗಿ ರುಚಿ ಬಿಡುತ್ತದೆ. ನಾನು ಚಾದಂಗಡಿಯವರಿಗೆ ಎರಡು ಪಾಲು ಕಾಳು, ಒಂದು ಪಾಲು ಡಸ್ಟ್ ಬೆರೆಸಿ ಕೊಡುತ್ತಿದ್ದೆ. ಯಾರೂ ವಾಪಸ್ ತಂದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬರುವವರಿಗೆ ಕರೇ ಚಾಕ್ಕೆ ನಮ್ಮ ಇಂಡಿ ಲಿಂಬೆ ಹಿಂಡಿ ಕೊಡು. ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು. ಹುಳಿ ಬಿದ್ದ ಕೂಡಲೇ ಕೆಂಪು ಚಾ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆ ಕಪ್ಪಿನಲ್ಲಿ ಹಾಲಿನ ಮರೆ ಇಲ್ಲ, ಪುಡಿ ಕೆಟ್ಟಿದ್ದರೆ ಗಿರಾಕಿಗೆ ಆಗಲೇ ಗೊತ್ತಾಗುತ್ತದೆ.

ಬೆಲೆಗೆ ಬರೋಣ. ಕಿಲೋ ಬೆಲೆ ನೋಡಿದರೆ ಲೆಕ್ಕ ತಪ್ಪುತ್ತದೆ, ಕಪ್ಪಿನ ಬೆಲೆ ನೋಡು. ಸಣ್ಣ ಕಪ್ಪಿಗೆ 2 ಗ್ರಾಂ ಹಿಡಿದರೆ ಕಿಲೋಗೆ 500 ಕಪ್ಪು. ನಿನ್ನ 260ರ ಪುಡಿ ಕಪ್ಪಿಗೆ 52 ಪೈಸೆ ಬೀಳುತ್ತದೆ. 400 ರೂಪಾಯಿಯ ಒಳ್ಳೆ ಪುಡಿಗೆ 1.6 ಗ್ರಾಂ ಸಾಕಾದರೆ 625 ಕಪ್ಪು, ಕಪ್ಪಿಗೆ 64 ಪೈಸೆ. ಅಂತರ 12 ಪೈಸೆ. ದಿನಕ್ಕೆ 300 ಕಪ್ಪು ಹೋದರೆ 36 ರೂಪಾಯಿ. ಅದೇ ಕಪ್ಪಿನ 50 ಮಿ.ಲೀ. ಹಾಲಿಗೆ, ಲೀಟರ್ 50 ರೂಪಾಯಿ ಹಿಡಿದರೂ, ಎರಡೂವರೆ ರೂಪಾಯಿ. ಉಳಿಸಬೇಕಾದರೆ ಕೆಟ್ಟು ಹೋಗುವ ಹಾಲಲ್ಲಿ ಉಳಿಸು, ಸುಮ್ಮನೆ ಉರಿಯುವ ಗ್ಯಾಸಲ್ಲಿ ಉಳಿಸು. ಪುಡಿಯಲ್ಲಿ ಉಳಿಸಬೇಡ. ಹಾಗಂತ 800, 1000ದ ಪುಡಿಯೂ ಬೇಡ. ಅದರ ಸೊಬಗು ಎಮ್ಮೆ ಹಾಲು, ಎರಡು ಚಮಚ ಸಕ್ಕರೆಯ ಕೆಳಗೆ ಯಾರಿಗೂ ಕಾಣುವುದಿಲ್ಲ.

ಆ 260ರ ಪುಡಿಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಡಬೇಡ. ಮೂರು ಪೊಟ್ಟಣ ತಂದು, ನಿನ್ನ ಅಂಗಡಿಯ ನೀರು ಒಂದು ಕ್ಯಾನಿನಲ್ಲಿ ತುಂಬಿಕೊಂಡು ಬರುವ ಸೋಮವಾರ ಇಂಡಿಗೆ ಬಾ. ಒತ್ತುಕಾಗದ, ಅಯಸ್ಕಾಂತ ನನ್ನ ಹತ್ತಿರ ಇವೆ. ಇಬ್ಬರೂ ಕೂತು ಕುಡಿದು ನೋಡೋಣ.