ತೋಟದ ವೈಫೈಗೂ ಬದು ಬೇಕು

ಪಂಪು, ಕ್ಯಾಮೆರಾ, ಮನೆಯವರ ಮತ್ತು ಬಂದುಹೋಗುವವರ ಫೋನು, ಎಲ್ಲವೂ ಒಂದೇ ವೈಫೈಯಲ್ಲಿದ್ದರೆ ಅಪಾಯವುಂಟು. ಯಾರದೋ ಫೋನಿಗೆ ತಗುಲಿದ ವೈರಸ್ ಪಂಪಿನ ನಿಯಂತ್ರಕವನ್ನೂ ತಲುಪಬಹುದು. ಒಂದೇ ಹೊಲವನ್ನು ಬದು ಹಾಕಿ ಮಡಿಗಳಾಗಿ ವಿಂಗಡಿಸುವಂತೆ, ಒಂದೇ ಆಕ್ಸೆಸ್ ಪಾಯಿಂಟಿನಲ್ಲಿ ಹಲವು ಜಾಲಗಳನ್ನು ಬೇರ್ಪಡಿಸಬಹುದು. ಇದಕ್ಕೆ ವಿಲ್ಯಾನ್ ಎನ್ನುವರು.

ಅನುಸರಿಸಬೇಕಾದ ಕ್ರಮ:

1. ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರೂ 802.1ಕ್ಯೂ ಮಾನದಂಡಕ್ಕೆ ಹೊಂದುವುವೇ ಎಂಬುದನ್ನು ಕೊಳ್ಳುವಾಗಲೇ ವಿಚಾರಿಸಿರಿ.

2. ಮನೆಗೆ 10, ಪಂಪು-ಕ್ಯಾಮೆರಾಗಳಿಗೆ 20, ಅತಿಥಿಗಳಿಗೆ 30 ಎಂದು ಸಂಖ್ಯೆ ಕೊಡಿರಿ. 4094ರವರೆಗೆ ಸಂಖ್ಯೆ ಕೊಡಲು ಅವಕಾಶವಿದೆ.

3. ಪ್ರತಿ ಸಂಖ್ಯೆಗೂ ಬೇರೆ ವೈಫೈ ಹೆಸರು, ಬೇರೆ ಪಾಸ್‌ವರ್ಡ್ ಇಡಿರಿ. ಅನೇಕ ನಿಯಂತ್ರಕಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವುದರಿಂದ, 20ರಲ್ಲಿ ಅದು ಚಾಲೂ ಇರಲಿ.

4. ಆಕ್ಸೆಸ್ ಪಾಯಿಂಟಿನ ತಂತಿ ಸೇರುವ ಸ್ವಿಚ್ ಪೋರ್ಟಿನಲ್ಲಿ ಮೂರೂ ಸಂಖ್ಯೆಗಳನ್ನು ಟ್ಯಾಗ್ ಸಹಿತ ಬಿಡತಕ್ಕದ್ದು. ಒಂದು ಬಿಟ್ಟುಹೋದರೆ ಆ ವೈಫೈ ಕಾಣಿಸಿದರೂ ಸಂಪರ್ಕ ದೊರೆಯದು.

5. ರೂಟರಿನಲ್ಲಿ ಪ್ರತಿ ಜಾಲಕ್ಕೂ ಪ್ರತ್ಯೇಕ ವಿಳಾಸಗಳ ಸಾಲು ಕೊಟ್ಟು, 30ರಿಂದ 10 ಮತ್ತು 20ಕ್ಕೆ ಹೋಗುವ ದಾರಿಯನ್ನು ಫೈರ್‌ವಾಲ್ ನಿಯಮದಿಂದ ಮುಚ್ಚಿರಿ. ಹಲವು ರೂಟರುಗಳು ಜಾಲಗಳನ್ನು ತಾವೇ ಮತ್ತೆ ಜೋಡಿಸುತ್ತವೆ. ಆಗ ಬದು ಕಟ್ಟಿಯೂ ಮಡಿಯ ಬಾಯಿ ಮುಚ್ಚದಂತಾಗುತ್ತದೆ.

ಕೊನೆಗೆ ಅತಿಥಿ ವೈಫೈಗೆ ಸೇರಿ, ಕ್ಯಾಮೆರಾದ ಜಾಲ ವಿಳಾಸವನ್ನು ನೇರವಾಗಿ ತೆರೆದು ನೋಡಿರಿ. ಅದು ತೆರೆಯದಿದ್ದರೆ ಕೆಲಸ ಸರಿಯಾಗಿದೆ.