ಕ್ಲಾಸಿಲ್ಲ ಅಂದರೆ ರಜೆ ಅಲ್ಲ

ಪ್ರಶ್ನೆ: ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ವರ್ಷದ ಎಂಎಸ್ಸಿ ಓದುತ್ತಿದ್ದಾನೆ. ತೋಟದ ಮೇಲೆ ಸಾಲ ತೆಗೆದು ಕಳಿಸಿದ್ದೇವೆ. ಮೇ ತಿಂಗಳಿಗೇ ಕ್ಲಾಸು ಮುಗಿದವಂತೆ. ಈಗ ಗೆಳೆಯನ ಅಕೌಂಟಿನಲ್ಲಿ ಊಟದ ಡೆಲಿವರಿ ಶುರುಮಾಡಿದ್ದಾನೆ, ಮುಂದಿನ ವಾರದಿಂದ ವೇರ್‌ಹೌಸಿನಲ್ಲಿ 40 ಗಂಟೆ ಕೆಲಸವಂತೆ. ‘ಎಲ್ಲರೂ ಮಾಡ್ತಾರಮ್ಮ’ ಅಂತಾನೆ. ಕಂತಿಗಾಗುತ್ತೆ, ಮಾಡ್ಲಿ ಬಿಡು ಅಂತಾರೆ ನಮ್ಮ ಯಜಮಾನರು. ನನಗೆ ನಿದ್ದೆ ಹತ್ತುತ್ತಿಲ್ಲ.
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ ಅಮ್ಮ. ಡೆಲಿವರಿ ಇವತ್ತೇ ನಿಲ್ಲಬೇಕು. ವೇರ್‌ಹೌಸಿನ 40 ಗಂಟೆಗೆ ಅವನು ಒಪ್ಪಬಾರದು.

ಬ್ರಿಟನ್ನಿನಲ್ಲಿ ಪದವಿ, ಸ್ನಾತಕೋತ್ತರ ಓದುವ ವಿದ್ಯಾರ್ಥಿ ವೀಸಾದವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಬಿಎಸ್ಸಿ ಮಕ್ಕಳಿಗೆ ಬೇಸಿಗೆ ರಜೆ ಉಂಟು, ಆಗ ಪೂರ್ತಿ ಹೊತ್ತು ದುಡಿಯುತ್ತಾರೆ. ಒಂದು ವರ್ಷದ ಎಂಎಸ್ಸಿಗೆ ಹಾಗಲ್ಲ. ಕ್ಲಾಸು ನಿಂತ ಮೇಲೆ ಡಿಸರ್ಟೇಷನ್ ಬರೆಯುವ ಕಾಲ, ಅದೂ ಟರ್ಮೇ. ಪಕ್ಕದ ರೂಮಿನ ಬಿಎಸ್ಸಿ ಹುಡುಗ 40 ಗಂಟೆ ಮಾಡುವುದನ್ನು ನೋಡಿ ನಮ್ಮ ಮಕ್ಕಳು ಎಡವುವುದು ಇಲ್ಲೇ. ಲೆಕ್ಕ ಸೋಮವಾರದಿಂದ ಭಾನುವಾರದವರೆಗೆ. ಈ ವಾರ 10, ಮುಂದಿನ ವಾರ 30 ಅನ್ನುವಂತಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20.

ಡೆಲಿವರಿ ಇನ್ನೂ ಅಪಾಯದ್ದು. ಆ್ಯಪಿನ ಸವಾರರನ್ನು ಸ್ವಂತ ಉದ್ಯೋಗಿಗಳೆಂದು ಎಣಿಸುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಒಂದು ಗಂಟೆಯ ಅನುಮತಿಯೂ ಇಲ್ಲ. ಅದರ ಮೇಲೆ ಇನ್ನೊಬ್ಬರ ಅಕೌಂಟು. ಗೆಳೆಯ ದುಡ್ಡು ಕೊಡದಿದ್ದರೆ ನಿಮ್ಮ ಮಗ ಯಾರಲ್ಲಿ ಹೋಗಿ ದೂರುತ್ತಾನೆ? ವೇರ್‌ಹೌಸಿನಂಥ ಕಡೆ ಅನುಮತಿ ಮೀರಿ ದುಡಿಸಿಕೊಂಡ ಮಾಲೀಕರಿಗೆ 2024ರಿಂದ ಮೊದಲ ತಪ್ಪಿಗೇ ಒಬ್ಬ ಕೆಲಸಗಾರನಿಗೆ 45,000 ಪೌಂಡ್‌ವರೆಗೆ ದಂಡವಿದೆ. ಆದ್ದರಿಂದ ಸರಿಯಾದ ಕಂಪನಿ ಟರ್ಮ್ ತಾರೀಖಿನ ಪತ್ರ ಕೇಳಿಯೇ ಕೆಲಸ ಕೊಡುತ್ತದೆ. ಕೇಳದೆ ಕೊಡುವವರನ್ನು ನಂಬಬೇಡಿ.

ಇನ್ನು ನಿಮ್ಮ ಯಜಮಾನರಿಗೊಂದು ಮಾತು. ಸಾಲ ತೀರಿಸುವ ದಾರಿ ಓದು ಮುಗಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾ. 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದವರಿಗೆ ಅದು 2 ವರ್ಷ, ಆಮೇಲಿನವರಿಗೆ 18 ತಿಂಗಳು. ಅದು ಕೈಗೆ ಬಂದರೆ ಗಂಟೆಯ ಮಿತಿಯೇ ಇಲ್ಲ. ನಿಯಮ ಮುರಿದದ್ದು ಹೊರಬಿದ್ದರೆ ಈಗಿನ ವೀಸಾವೇ ರದ್ದಾಗಬಹುದು. ಆಗ ತೋಟವೂ ಸಾಲದಲ್ಲಿ, ಮಗನೂ ಅರ್ಧ ಓದಿನಲ್ಲಿ. ಈ ಕೆಲವು ತಿಂಗಳ ಕಂತಿಗೆ ಬ್ಯಾಂಕಿನವರ ಹತ್ತಿರ ಕೂತು ಕಾಲಾವಕಾಶ ಕೇಳಿ. ಮಗ ಹೀಗೆ ಓಡುತ್ತಿರುವುದು ದುರಾಸೆಯಿಂದಲ್ಲ, ಮನೆಯ ಸಾಲ ಅವನ ತಲೆಯ ಮೇಲೆ ಕೂತಿದೆ. ‘ಕೋರ್ಸ್ ಮುಗಿಯುವವರೆಗೆ ನಿನ್ನ ದುಡ್ಡು ಬೇಡ ಮಗಾ’ ಎಂದು ಅಪ್ಪನ ಬಾಯಿಂದಲೇ ಅವನು ಕೇಳಬೇಕು. ನೀವು ಹೇಳಿದರೆ ಸಮಾಧಾನಕ್ಕೆ ಹೇಳಿದ್ದು ಅಂದುಕೊಳ್ಳುತ್ತಾನೆ.

ಊಟ, ಬಾಡಿಗೆಗೆ ತತ್ವಾರವಾಗಿದ್ದರೆ ವಿಶ್ವವಿದ್ಯಾಲಯದಲ್ಲಿ ಕಷ್ಟನಿಧಿ ಇದೆಯೇ ಎಂದು ವಿಚಾರಿಸಲಿ. ಅನೇಕ ಕಡೆ ವಿದೇಶಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಡಿಸರ್ಟೇಷನ್ ಕೆಡದಷ್ಟು, ಸಂಬಳದ ಚೀಟಿ ಕೊಡುವ ಕಡೆ ವಾರಕ್ಕೆ 20 ಗಂಟೆಯೊಳಗೆ ದುಡಿಯಲಿ. ಈಗಾಗಲೇ ಮಾಡಿದ ಡೆಲಿವರಿಯನ್ನು ಮುಚ್ಚಿಟ್ಟು ಮುಂದಿನ ಅರ್ಜಿ ತುಂಬುವುದು ಬೇಡ. ಅದಕ್ಕೆ ಮೊದಲು ವಿದೇಶಿ ವಿದ್ಯಾರ್ಥಿಗಳಿಗೆಂದೇ ಇರುವ ಯುಕೆಸಿಸಾ ಸಂಸ್ಥೆಯ ಸಹಾಯವಾಣಿಗಾಗಲಿ ವಲಸೆ ಕಾನೂನಿನ ವಕೀಲರಿಗಾಗಲಿ ನಡೆದದ್ದನ್ನು ನಡೆದ ಹಾಗೆ ಹೇಳಲಿ. ಇವತ್ತು ರಾತ್ರಿ ಫೋನಿನಲ್ಲಿ ‘ಎಷ್ಟು ಸಂಪಾದಿಸಿದೆ’ ಅನ್ನಬೇಡಿ. ಕೋರ್ಸ್ ಮುಗಿಯುವ ತಾರೀಖು ಯಾವುದು, ವೀಸಾ ಮುಗಿಯುವುದು ಯಾವತ್ತು, ಇವೆರಡನ್ನು ಕೇಳಿ ಬರೆದಿಟ್ಟುಕೊಳ್ಳಿ. ಗ್ರಾಜುಯೇಟ್ ವೀಸಾದ ಅರ್ಜಿಯನ್ನು ವಿಶ್ವವಿದ್ಯಾಲಯ ಅವನ ಕೋರ್ಸ್ ಮುಗಿಯಿತೆಂದು ಸರ್ಕಾರಕ್ಕೆ ತಿಳಿಸಿದ ಮೇಲೆ, ಈಗಿನ ವೀಸಾ ಮುಗಿಯುವ ತಾರೀಖಿಗೆ ಮುಂಚೆ, ಅಲ್ಲೇ ಇದ್ದುಕೊಂಡು ಹಾಕಬೇಕು.